ಗೋರ್ವಾದ ಬೇಸಿಗೆ, ಯಾರದೋ ರಕ್ತ

ಹೋದ ತಿಂಗಳು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಸಿಲಿಂಡರ್ ಬದಲಿಸುವಾಗ ವಾಷರ್ ಸರಿಯಾಗಿ ಕೂರದೆ ಅಡುಗೆಮನೆ ತುಂಬ ಗ್ಯಾಸಿನ ವಾಸನೆ ಹಬ್ಬಿತು. ತಂಗಿ ಕಿಟಕಿ ತೆರೆಯಲು ಓಡಿದಳು, ಅವಳ ಗಂಡ ರೆಗ್ಯುಲೇಟರ್ ಕಿತ್ತ, ಮೇಲಿನ ಮನೆಯವರು ಬಂದು ಬಾಗಿಲು ಬಡಿದರು. ನಾನು ಮಾತ್ರ ಬ್ರಶ್ ಬಾಯಲ್ಲಿಟ್ಟುಕೊಂಡು ನಿಂತೇ ಇದ್ದೆ. ಹೆದರಿಕೆಯೇ ಆಗಲಿಲ್ಲ. ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆ ಮೂಗಿಗೆ ಬಡಿದ ಕೂಡಲೆ ನನಗೆ ನೆನಪಾದದ್ದು ವಡೋದರ, ಅಲ್ಲಿ ಯಾರನ್ನೂ ನಂಬದೆ ಕಳೆದ ಒಂದು ಬೇಸಿಗೆ.

ಹೊಸ ಶತಮಾನ ಶುರುವಾಗಿ ಮೂರೋ ನಾಲ್ಕೋ ವರ್ಷ ಆಗಿತ್ತು. ಗದಗಿನಿಂದ ಹೊರಟು, ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ಸಂಶೋಧನೆ ಮಾಡುತ್ತೇನೆಂದು ವಡೋದರಕ್ಕೆ ಹೋಗಿದ್ದೆ. ಆ ದಿನಗಳಲ್ಲಿ ಊರಿನ ಗಾಳಿಯೇ ಬೇರೆ ಇತ್ತು. ಬಾಡಿಗೆಗೆ ಕೋಣೆ ಕೇಳಿದರೆ ಮೊದಲು ಪೂರ್ತಿ ಹೆಸರು ಹೇಳಬೇಕು, ಆಮೇಲೆ ಊರು, ಆಮೇಲೆ ಏನು ತಿನ್ನುತ್ತೀರಿ ಎಂಬುದು. ನಾಲ್ಕಾರು ಕಡೆ ಈ ಪರೀಕ್ಷೆ ಬರೆದು ಕೊನೆಗೆ ಗೋರ್ವಾದಲ್ಲಿ ಮಂಜುಳಾಬೆನ್ ಎಂಬ ಜೈನ ಹೆಂಗಸಿನ ಮನೆಯ ಮಹಡಿಯಲ್ಲಿ ಪಾಸಾದೆ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಮೆಟ್ಟಿಲು ಹತ್ತುವಂತಿಲ್ಲ ಎಂಬುದು ಕರಾರು. ಒಪ್ಪಿದ್ದೆ. ಆದರೆ ಎರಡನೆಯ ವಾರದಿಂದಲೇ ನಾನು ಮೆಟ್ಟಿಲು ಹತ್ತುವಾಗ ಅವರು ಬಾಗಿಲಲ್ಲಿ ನಿಂತು ಮೂಗು ಅರಳಿಸತೊಡಗಿದರು. ನನ್ನ ದುಪಟ್ಟಾ ಬೆಳ್ಳುಳ್ಳಿ ನಾರುತ್ತಿತ್ತು.

ಅದು ಲ್ಯಾಬಿನ ವಾಸನೆ. ಚಿನ್ನದ ಮೇಲೆ ಡಿಎನ್‌ಎ ಎಳೆಗಳನ್ನು ನಿಲ್ಲಿಸಬೇಕೆಂದರೆ ಅವುಗಳ ಬುಡಕ್ಕೆ ಗಂಧಕ ಅಂಟಿಸಿರಬೇಕು. ಎಳೆ ಎಳೆಗಳ ನಡುವಿನ ಖಾಲಿ ಜಾಗ ಮುಚ್ಚಲು ಇನ್ನೊಂದು ಗಂಧಕದ ದ್ರವ ಬೇಕು. ಅದರ ಒಂದು ಹನಿ ಬಟ್ಟೆಗೆ ತಾಕಿದರೆ ಮೂರು ಒಗೆತಕ್ಕೂ ಹೋಗುವುದಿಲ್ಲ. ಇದನ್ನು ನನ್ನ ಹರಕು ಹಿಂದಿಯಲ್ಲಿ ಮಂಜುಳಾಬೆನ್‌ಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಿದ್ದರೆ ಕಾಲೇಜಿನಲ್ಲೇ ತಿಂದು ಬಾ, ಕೈ ತೊಳೆದುಕೊಂಡು ಬಾ ಎಂದರು. ನಾನಿಲ್ಲದಾಗ ಅವರು ನನ್ನ ಕೋಣೆ ಹುಡುಕುತ್ತಾರೆಂಬ ಗುಮಾನಿ ನನಗೆ. ಬಾಗಿಲ ಸಂದಿಯಲ್ಲಿ ದಾರದ ತುಂಡು ಸಿಕ್ಕಿಸಿ ಹೋಗುತ್ತಿದ್ದೆ. ಬಂದು ನೋಡಿದರೆ ದಾರ ಕೆಳಗೆ ಬಿದ್ದಿರುತ್ತಿತ್ತು. ನನ್ನ ಸ್ವಭಾವವೇ ಹಾಗೆ ಎಂದು ಅವ್ವ ಬೈಯುತ್ತಿದ್ದಳು, ಹಾಲಿನವನ ಮುಂದೆ ನಿಂತು ಹಾಲು ಅಳೆಸುವವಳು ನೀನು ಎಂದು.

ಕೆಲಸವೂ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಬೆರಳುದ್ದದ ಒಂದು ಕಡ್ಡಿ, ಅದರ ತುದಿಯಲ್ಲಿ ಸಾಸಿವೆಯಷ್ಟು ಚಿನ್ನ. ಅದೇ ಎಲೆಕ್ಟ್ರೋಡ್. ಅದನ್ನು ಮಖಮಲ್ ಬಟ್ಟೆಯ ಮೇಲೆ ಬಿಳಿ ಪುಡಿ ಹಾಕಿ ಫಳಫಳ ಹೊಳೆಯುವ ತನಕ ಉಜ್ಜಿ, ಮೇಲೆ ಡಿಎನ್‌ಎ ಎಳೆಗಳ ಪದರ ಕೂರಿಸಬೇಕು. ಪರೀಕ್ಷಿಸಬೇಕಾದವರ ಡಿಎನ್‌ಎ ಬಂದು ಆ ಎಳೆಗಳಿಗೆ ಜೋಡಿಯಾದರೆ ಏಣಿ ಸಿದ್ಧ. ಏಣಿಯ ತುದಿಯಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಅಣು ಕೂರುತ್ತದೆ. ಚಿನ್ನದಿಂದ ಹೊರಟ ಎಲೆಕ್ಟ್ರಾನು ಏಣಿ ಹತ್ತಿ ನೀಲಿಯ ಕೈಗೆ ಬರುತ್ತದೆ. ನೀಲಿ ಅದನ್ನು ನೀರಿನಲ್ಲಿ ಕರಗಿರುವ ಒಂದು ಹಳದಿ ಲವಣಕ್ಕೆ ದಾಟಿಸಿ, ಮತ್ತೆ ಬರಿಗೈಯಲ್ಲಿ ಮುಂದಿನದಕ್ಕೆ ಕಾಯುತ್ತದೆ. ಒಂದೇ ಅಣು ಹೀಗೆ ಮತ್ತೆ ಮತ್ತೆ ದಾಟಿಸುತ್ತ ಹೋಗುವುದರಿಂದ ಸಣ್ಣ ಸುಳಿವೂ ದೊಡ್ಡದಾಗಿ ಕಾಣುತ್ತದೆ. ಏಣಿಯ ಒಂದೇ ಒಂದು ಮೆಟ್ಟಿಲು ತಪ್ಪಾಗಿ ಕೂತಿದ್ದರೂ ವಿದ್ಯುತ್ತು ಕುಸಿಯುತ್ತದೆ. ಆ ತಪ್ಪು ಮೆಟ್ಟಿಲೇ ರೂಪಾಂತರ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವಂಥದ್ದು. ನಾವು ಹುಡುಕುತ್ತಿದ್ದದ್ದು ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ತರುವ ತಪ್ಪುಗಳನ್ನು.

ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಪರೇಶ್, ಸೂರತ್ತಿನವನು. ಸದಾ ನಗುಮುಖ, ಎಲ್ಲದಕ್ಕೂ ಒಂದು ಅಡ್ಡದಾರಿ. ವಿದೇಶದಿಂದ ಬಂದ ಮೆಥಿಲೀನ್ ಬ್ಲೂ ತಳ ಕಂಡಾಗ ಅವನು ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿದ್ದ ತನ್ನ ಮಾಮನಿಂದ ಒಂದು ಡಬ್ಬಿ ತಂದಿಟ್ಟ. ಬಟ್ಟೆಗೆ ಹಾಕುವ ಬಣ್ಣವೂ ಅದೇ, ಹೆಸರೂ ಅದೇ, ಏನು ವ್ಯತ್ಯಾಸ ಎಂದ. ನನಗೆ ಆ ಡಬ್ಬಿಯ ಮೇಲೂ ನಂಬಿಕೆಯಿಲ್ಲ, ಅವನ ಮೇಲೂ ಇಲ್ಲ. ಹಳೆಯ ಬಾಟಲಿಯ ತಳದಲ್ಲಿ ಉಳಿದದ್ದನ್ನು ಗುಟ್ಟಾಗಿ ಬೀರುವಿನ ಹಿಂದೆ ಎತ್ತಿಟ್ಟಿದ್ದೆ.

ನಾನು ನಂಬುತ್ತಿದ್ದದ್ದು ಒಬ್ಬರನ್ನೇ. ಗೋರ್ವಾ ರಸ್ತೆಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಸುಧಾಕರ ಶೆಟ್ಟರು, ಕುಂದಾಪುರ ಕಡೆಯವರು. ಗುಜರಾತಿಗಳಿಗೆಂದು ಸಾಂಬಾರಿಗೆ ಬೆಲ್ಲ ಸುರಿಯುತ್ತಿದ್ದರು, ನನ್ನಂಥವರಿಗೆಂದು ಒಲೆಯ ಮೂಲೆಯಲ್ಲಿ ಖಾರದ ಪಾತ್ರೆ ಬೇರೆ ಇಡುತ್ತಿದ್ದರು. ನಾನು ಗದಗಿನ ಭಾಷೆಯಲ್ಲಿ ರೊಟ್ಟಿ ಕೇಳಿದರೆ ಅವರು ಕರಾವಳಿಯ ಭಾಷೆಯಲ್ಲಿ ನೀರುದೋಸೆ ಕೊಡುತ್ತಿದ್ದರು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಮಗಳು ಶ್ವೇತಾ ವಡೋದರದಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವಳು, ಅದೂ ಕೇಳಿದ್ದಕ್ಕಷ್ಟೇ.

ಅವಳ ಮದುವೆ ಮೆಹುಲ್ ಎಂಬ ಹುಡುಗನ ಜೊತೆ ಗೊತ್ತಾಗಿತ್ತು. ಸೂರತ್ತಿನ ಸೀರೆ ವ್ಯಾಪಾರದ ಮನೆತನ, ಹುಡುಗನಿಗೆ ವಡೋದರದಲ್ಲಿ ಕೆಲಸ, ಊಟ ದಿನಾ ಶೆಟ್ಟರ ಹೋಟೆಲಿನಲ್ಲೇ. ಶೆಟ್ಟರು ಗುರುತು ಪರಿಚಯವಿಲ್ಲದ ಈ ಊರಿಗೆ ಬಂದಾಗ ಜೊತೆಗೆ ನಿಂತು ಹೋಟೆಲಿಗೆ ಜಾಗ ಕೊಡಿಸಿದವರು ಮೆಹುಲನ ಅಪ್ಪ. ಆ ಸ್ನೇಹದಲ್ಲಿ ಇಬ್ಬರು ಅಪ್ಪಂದಿರೂ ಮಾತು ಕೊಟ್ಟುಕೊಂಡಿದ್ದರು. ನಿಶ್ಚಿತಾರ್ಥ ಆದ ಮೇಲೆ ಒಂದು ವಿಷಯ ಹೊರಬಿತ್ತು. ಮೆಹುಲನ ಅಕ್ಕನ ಮಗುವಿಗೆ ಥಲಸ್ಸೇಮಿಯಾ. ಮೆಹುಲನೂ ಆ ತಪ್ಪು ಹೊತ್ತವನು. ಹೊತ್ತವರಿಗೆ ತೊಂದರೆಯೇನಿಲ್ಲ, ಆದರೆ ಗಂಡ ಹೆಂಡತಿ ಇಬ್ಬರೂ ಹೊತ್ತವರಾದರೆ ಹುಟ್ಟುವ ಮಗುವಿಗೆ ಕಾಯಿಲೆ ಬರುವ ಭಯ. ಶ್ವೇತಾಳ ರಕ್ತ ಪರೀಕ್ಷೆ ಮಾಡಿಸಿದರು. ಅವಳಿಗೆ ರಕ್ತಹೀನತೆ ಇದ್ದುದರಿಂದ ಫಲಿತಾಂಶ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ಬಂತು. ಮುಂಬೈಗೆ ಕಳಿಸಿ ಡಿಎನ್‌ಎ ಪರೀಕ್ಷೆಯನ್ನೇ ಮಾಡಿಸಬೇಕು ಎಂದರು ವೈದ್ಯರು.

ಅವತ್ತಿನಿಂದ ಶ್ವೇತಾ ತಟ್ಟೆಯಲ್ಲಿ ಅನ್ನ ಬಿಡತೊಡಗಿದಳು. ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಗೋಡೆ ನೋಡುವಳು. ಹುಡುಗಿಗೆ ಈ ಸಂಬಂಧ ಇಷ್ಟವಿಲ್ಲ ಎಂದು ನನಗೆ ಖಾತ್ರಿಯಾಯಿತು. ಸೂರತ್ತಿನವರು ಸಂಬಂಧ ಮುರಿಯಲು ನೆಪ ಹುಡುಕುತ್ತಿದ್ದಾರೆ ಎಂದೂ ಒಳಗೊಳಗೇ ಅಂದುಕೊಂಡೆ.

ಶೆಟ್ಟರು ಒಂದು ಮಧ್ಯಾಹ್ನ ನನ್ನ ಎದುರು ಕೂತು, ನಿನ್ನ ಮೆಷಿನಿನಲ್ಲಿ ನೋಡಲಾಗುತ್ತದಾ ಎಂದು ಕೇಳಿದರು. ನಮ್ಮ ಲ್ಯಾಬಿನ ಸರ್‌ಗೆ ಹೇಳಿದೆ. ಅವರಿಗೂ ನಿಜವಾದ ರಕ್ತದ ಮೇಲೆ ಈ ವಿಧಾನ ಒಗ್ಗುತ್ತದೋ ನೋಡಬೇಕಿತ್ತು. ಇದು ಸಂಶೋಧನೆ, ವರದಿಯಲ್ಲ, ಮುಂಬೈಗೂ ಕಳಿಸಲೇಬೇಕು, ಇಲ್ಲಿಯದನ್ನು ನಂಬಿ ಯಾರೂ ಏನೂ ನಿರ್ಧರಿಸಬಾರದು ಎಂದು ಒಪ್ಪಿಗೆ ಕೊಟ್ಟರು. ಹೋಲಿಸಿ ನೋಡಲು ಮೆಹುಲನ ರಕ್ತವನ್ನೂ ತನ್ನಿ ಎಂದು ನಾನೇ ಹೇಳಿದೆ. ಮುಂಬೈಗೆ ಕಳಿಸುವುದನ್ನು ಮಾತ್ರ, ರಕ್ತಹೀನತೆಗೆ ಶ್ವೇತಾ ತೆಗೆದುಕೊಳ್ಳುತ್ತಿದ್ದ ಮಾತ್ರೆ ಮುಗಿಯಲಿ ಎಂದು ಶೆಟ್ಟರು ತಡೆದರು. ಎರಡು ದಿನ ಬಿಟ್ಟು ಸ್ಕೂಟರಿನಲ್ಲಿ ಬಂದು, ಸ್ಟೀಲಿನ ಟಿಫಿನ್ ಕ್ಯಾರಿಯರಿನಲ್ಲಿ ಐಸು ತುಂಬಿ, ನಡುವೆ ಎರಡು ನಳಿಗೆ ಇಟ್ಟು ತಂದುಕೊಟ್ಟರು. ಒಂದರ ಮೇಲೆ ಅವನ ಹೆಸರು, ಇನ್ನೊಂದರ ಮೇಲೆ ಅವಳದು.

ನಮ್ಮ ಕಡೆ ಹೆಚ್ಚಾಗಿ ಕಾಣುವ ಕೆಲವು ತಪ್ಪುಗಳಿಗೆ ಬೇರೆ ಬೇರೆ ಎಲೆಕ್ಟ್ರೋಡ್ ಸಿದ್ಧಮಾಡಿಕೊಂಡಿದ್ದೆವು. ಮೇ ತಿಂಗಳ ಬಿಸಿಲು, ಲ್ಯಾಬಿನ ಏಸಿ ಉಸಿರೆಳೆದು ಉಸಿರೆಳೆದು ನಿಲ್ಲುತ್ತಿತ್ತು. ಮೊದಲ ಸಲ ಅಳೆದವನು ಪರೇಶ್. ಸಂಜೆ ನಾನು ಬಂದು ಪರದೆ ನೋಡಿದರೆ ಒಂದೇ ಎಲೆಕ್ಟ್ರೋಡಿನಲ್ಲಿ ಎರಡು ರಕ್ತಕ್ಕೂ ವಿದ್ಯುತ್ತು ಅರ್ಧಕ್ಕೆ ಇಳಿದಿತ್ತು. ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಎರಡೆಂದು ಹೇಳಲು ಬರುತ್ತಿರಲಿಲ್ಲ. ಅರ್ಧ ಎಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಮಾತ್ರ ತಪ್ಪು ಬಂದಿದೆ ಎಂದು. ಇಬ್ಬರೂ ಹೊತ್ತವರು, ಅದೂ ಒಂದೇ ತಪ್ಪನ್ನು. ಸೂರತ್ತಿನ ಹುಡುಗ, ಕುಂದಾಪುರದ ಬೇರಿನ ಹುಡುಗಿ. ಆಗಬಾರದ್ದೇನೂ ಅಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ.

ಮೊದಲು ಪರೇಶನ ಮೇಲೆ ಅನುಮಾನ ಬಂತು. ಬೇಸರಕ್ಕೆ ಒಂದೇ ನಳಿಗೆಯನ್ನು ಎರಡು ಸಲ ಹಾಕಿರುತ್ತಾನೆ ಎಂದು. ಕೇಳಿಯೂ ಬಿಟ್ಟೆ. ಅವನ ನಗು ಮಾಯವಾಯಿತು, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ವಟ್ವಾದ ಡಬ್ಬಿಯ ಮೇಲೆ ಬಂತು. ಬೀರುವಿನ ಹಿಂದಿನ ಬಾಟಲಿ ತೆಗೆದೆ, ಚಿನ್ನವನ್ನು ಹೊಸದಾಗಿ ಉಜ್ಜಿದೆ, ರಕ್ತದಿಂದ ಡಿಎನ್‌ಎ ತೆಗೆಯುವುದರಿಂದ ಹಿಡಿದು ಕೊನೆಯ ತನಕ ನಾನೇ ಮಾಡಿದೆ. ವಟ್ವಾದ ಬಣ್ಣ ಸ್ವಲ್ಪ ಮಂಕು ಎಂಬುದೇನೋ ನಿಜವಾಯಿತು. ಆದರೆ ಗೆರೆಗಳೆರಡೂ ಮತ್ತೆ ಹಾಗೆಯೇ ಬಂದವು. ತಪ್ಪಿಲ್ಲವೆಂದು ಮೊದಲೇ ಗೊತ್ತಿದ್ದ ನಮ್ಮ ಲ್ಯಾಬಿನವರೊಬ್ಬರ ರಕ್ತ ಹಾಕಿದರೆ ವಿದ್ಯುತ್ತು ಪೂರ್ತಿ ಏರಿತು. ಯಂತ್ರದ್ದೂ ತಪ್ಪಿರಲಿಲ್ಲ. ಮೂರನೆಯ ಸಲವೂ ಮಾಡಿ ನೋಡಿಯೇ ಶೆಟ್ಟರಿಗೆ ಬಾಯಿಬಿಡುವುದೆಂದು ಸುಮ್ಮನಿದ್ದೆ.

ಅಷ್ಟರಲ್ಲಿ ಒಂದು ಸಂಜೆ ಹೋಟೆಲಿಗೆ ಹೋದರೆ ಮೆಹುಲ್ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಕಣ್ಣು ಕೆಂಪಾಗಿತ್ತು. ಶ್ವೇತಾಳದೂ ಹಾಗೇ ಬಂತಂತೆ, ಹೋದ ವಾರವೇ ಅಂಕಲ್ ಸೂರತ್ತಿಗೆ ಫೋನ್ ಮಾಡಿ ಹೇಳಿದರು, ಅಮ್ಮ ಇನ್ನು ಬೇಡ ಎಂದಿದ್ದಾಳೆ ಎಂದ. ನಾನು ಹೂಂ ಎಂದೆ. ಕೋಣೆಗೆ ನಡೆದುಹೋಗುವಾಗ ಲೆಕ್ಕ ಹಾಕಿದೆ. ಹೋದ ವಾರ ಪರೇಶ್ ಇನ್ನೂ ಮೊದಲ ಅಳತೆಯನ್ನೂ ಮಾಡಿರಲಿಲ್ಲ. ಯಂತ್ರಕ್ಕೇ ಗೊತ್ತಿಲ್ಲದ್ದು ಶೆಟ್ಟರಿಗೆ ಗೊತ್ತಿತ್ತು.

ಆ ರಾತ್ರಿ ಊಟ ಸೇರಲಿಲ್ಲ. ದಿನಾ ಅನ್ನ ಹಾಕುವವರನ್ನು ಅನುಮಾನಿಸುವುದು ಹಾಲಿನವನನ್ನು ಅನುಮಾನಿಸಿದಂತಲ್ಲ. ಮರುದಿನ ಪಕ್ಕದ ಲ್ಯಾಬಿನವರನ್ನು ಕೇಳಿ, ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತುವನ್ನು ಗುರುತಿಸುವ ಸಾಮಗ್ರಿ ತಂದೆ. ಶ್ವೇತಾಳ ಹೆಸರಿನ ನಳಿಗೆಯಲ್ಲಿ ಅದಿರಬಾರದಿತ್ತು. ಇತ್ತು.

ಮಧ್ಯಾಹ್ನದ ಗಿರಾಕಿಗಳು ಹೋಗಿ ಹೋಟೆಲು ಖಾಲಿಯಾಗುವ ಹೊತ್ತು ನೋಡಿಕೊಂಡು ಹೋದೆ. ಶೆಟ್ಟರು ಗಲ್ಲಾದ ಮುಂದೆ ಪೇಪರು ಓದುತ್ತಿದ್ದರು. ಸುತ್ತಿಬಳಸಿ ಮಾತಾಡುವುದು ನನಗೆ ಬಾರದು.

"ಶೆಟ್ಟರ, ನೀವು ತಂದ ಎರಡನೇ ನಳಿಗಿ ಹೆಣ್ಮಗಳದಲ್ರಿ. ಎರಡೂ ಮೆಹುಲಂದ."

ಅವರು ಪೇಪರು ಮಡಚಿದರು. ವಾದ ಮಾಡಲಿಲ್ಲ. ದಾರಿಯಲ್ಲಿ ಒಡೆದರೆ ಇರಲಿ ಎಂದು ಹೇಳಿ ಹುಡುಗನಿಂದ ಎರಡು ನಳಿಗೆ ತೆಗೆಸಿದ್ದರು. ಮಗಳ ತೋಳಿಗೆ ಸೂಜಿ ಮುಟ್ಟಿಸಿಯೇ ಇರಲಿಲ್ಲ. ಅವಳ ಮಾತ್ರೆ ಮುಗಿಯಲಿ ಎಂಬ ಮಾತೂ ಮುಂಬೈಯನ್ನು ದೂರವಿಡಲು ಹೇಳಿದ್ದೇ. ಅವಳು ಊಟ ಬಿಟ್ಟದ್ದನ್ನು ನೋಡಲಾಗುತ್ತಿರಲಿಲ್ಲ ಎಂದರು. ಬಾಯಿಬಿಟ್ಟು ಹೇಳುವ ಹುಡುಗಿಯಲ್ಲ ಅದು, ತಾಯಿಯಿದ್ದಿದ್ದರೆ ಅವಳ ಹತ್ತಿರ ಹೇಳುತ್ತಿತ್ತೇನೋ, ಬೇಡವೆನ್ನುವುದು ಮುಖದಲ್ಲೇ ಕಾಣುತ್ತಿತ್ತಲ್ಲ ಎಂದರು. ಸೂರತ್ತಿನ ಗೆಳೆಯನಿಗೆ ಮಾತು ಕೊಟ್ಟವರು ಅವರು.

"ನಾನು ಬೇಡ ಅಂದ್ರೆ ಮಾತು ತಪ್ಪಿದ ಹಾಗೆ ಆಗ್ತದೆ. ರಕ್ತವೇ ಬೇಡ ಅಂದ್ರೆ ಯಾರ ತಪ್ಪೂ ಅಲ್ಲ, ಅಲ್ವಾ ಗಿರಿಜಾ?"

ಸಿಟ್ಟು ಬಂದಿತ್ತು, ಈ ಮಾತು ಕೇಳಿ ಅರ್ಧಕ್ಕರ್ಧ ಇಳಿದುಹೋಯಿತು. ಉಳಿದ ಅರ್ಧದಲ್ಲಿ ಹೇಳಿದೆ. "ಇದು ಹುಡುಗಿ ಹೆಸರಿಗೆ ಹತ್ತಿದರ ಹೋಗಂಗಿಲ್ರಿ. ಮುಂದ ಯಾವ ಮನಿ ಸಂಬಂಧ ಬಂದರೂ ಇದ ಮೊದಲ ಬಂದು ನಿಲ್ತದ."

ಅದನ್ನು ಅವರು ಯೋಚಿಸಿರಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಸಾಕೆಂದಿದ್ದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಮರುದಿನ ಬೆಳಗಿನ ರೈಲಿಗೆ ಸೂರತ್ತಿಗೆ ಹೋಗಿ ಗೆಳೆಯನ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ಬಂದರು. ಗೆಳೆಯ ಏನೂ ಅನ್ನಲಿಲ್ಲವಂತೆ. ಅಂದದ್ದು ಮೆಹುಲನ ಅಮ್ಮ ಕೋಕಿಲಾಬೆನ್.

ಆ ವಾರವೇ ಕೋಕಿಲಾಬೆನ್ ವಡೋದರಕ್ಕೆ ಬಂದಿಳಿದರು. ತಿಳಿ ಬಣ್ಣದ ಸೀರೆ, ಕೈಯಲ್ಲಿ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿ ತುಂಬಿದ ಡಬ್ಬಿ. ಲ್ಯಾಬಿನ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಶ್ವೇತಾಳ ರಕ್ತವನ್ನು ಈಗ ನಿಜವಾಗಿ ತೆಗೆದು ಪರೀಕ್ಷಿಸುತ್ತೇವೆ, ಮುಂಬೈಗೂ ಕಳಿಸುತ್ತೇವೆ ಎಂದೆ. ಅವರು ಒಂದೇ ಮಾತು ಕೇಳಿದರು.

"ಆ ವಖತೆ ಕೋನು ಲೋಹಿ?"

ಈ ಸಲ ಯಾರ ರಕ್ತ? ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಕನ್ನಡದ ಅಪ್ಪ, ಕನ್ನಡದ ಲ್ಯಾಬಿನವಳು, ಮೊದಲು ಒಂದು ಹೇಳಿ ಈಗ ಇನ್ನೊಂದು ಹೇಳಹೊರಟಿದ್ದಾರೆ. ಮೊಮ್ಮಗಳಿಗೆ ತಿಂಗಳು ತಿಂಗಳು ರಕ್ತ ಏರಿಸುವಾಗ ಮಗುವಿನ ಕಾಲು ಹಿಡಿದುಕೊಳ್ಳುವವರು ತಾವೇ ಎಂದರು. ಇನ್ನೊಂದು ಮಗುವಿನ ಕಾಲು ಹಿಡಿಯಲು ತಮ್ಮಿಂದಾಗದು ಎಂದರು. ಅವರನ್ನು ಅಷ್ಟು ದಿನ ನೆಪ ಹುಡುಕುವ ಹೆಂಗಸು ಎಂದುಕೊಂಡಿದ್ದೆನಲ್ಲ. ನೀವೇ ಕೂತು ನೋಡಿ ಎಂದೆ.

ಮರುದಿನ ಬೆಳಿಗ್ಗೆ ಶ್ವೇತಾ ಬಂದಳು. ನರ್ಸ್ ಸೂಜಿ ಚುಚ್ಚುವಾಗ ಅವಳ ತೋಳು ಹಿಡಿದುಕೊಂಡದ್ದು ಕೋಕಿಲಾಬೆನ್. ಹತ್ತಿ ಇಟ್ಟು ಪಟ್ಟಿ ಅಂಟಿಸಿದ್ದೂ ಅವರೇ. ನಳಿಗೆ ನನ್ನ ಕೈಗೆ ಬಂದ ಮೇಲೆ ಅವರ ಕಣ್ಣು ಅದರ ಮೇಲಿಂದ ಕದಲಲಿಲ್ಲ. ನಾನು ಡಿಎನ್‌ಎ ತೆಗೆಯುವಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಅದನ್ನು ಹೆಚ್ಚಿಸುವ ಯಂತ್ರ ಗಂಟೆಗಟ್ಟಲೆ ಗುಂಯ್ ಎನ್ನುತ್ತಿದ್ದರೆ ಅದರ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತರು. ಗಂಧಕದ ದ್ರವ ತೆರೆದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡರೇ ಹೊರತು ಏಳಲಿಲ್ಲ. ಪರೇಶ್ ಚಹಾ ತಂದುಕೊಟ್ಟ, ತಮ್ಮ ಊರಿನವನೇ ಎಂದು ತಿಳಿದ ಮೇಲೂ ಅವನನ್ನು ಅನುಮಾನದಿಂದಲೇ ನೋಡಿದರು. ಶೆಟ್ಟರು ಒಳಗೆ ಬರುವ ಧೈರ್ಯ ಮಾಡದೆ ಬಾಗಿಲ ಹೊರಗೆ ಬೆಂಚಿನಲ್ಲಿ ಕೂತಿದ್ದರು. ಶ್ವೇತಾ ಕಿಟಕಿಯ ಹತ್ತಿರ.

ಸಂಜೆ ಚಿನ್ನದ ತುದಿಗಳನ್ನು ಒಂದೊಂದಾಗಿ ಹಸಿರು ನೀರಿಗೆ ಇಳಿಸಿದೆ, ನೀಲಿ ಹಳದಿ ಬೆರೆತ ನೀರು ಅದು. ಒಂದೊಂದರಲ್ಲೂ ಗೆರೆ ಪೂರ್ತಿ ಏರಿತು. ನನಗೆ ಒಳ್ಳೆಯ ಸುದ್ದಿಯ ಮೇಲೆ ಎಂದೂ ನಂಬಿಕೆಯಿಲ್ಲ, ಎಲ್ಲವನ್ನೂ ಇನ್ನೊಮ್ಮೆ ಅಳೆದೆ. ಮತ್ತೆ ಹಾಗೆಯೇ ಬಂತು. ಏಣಿಯ ಮೆಟ್ಟಿಲುಗಳೆಲ್ಲ ಸರಿಯಾಗಿದ್ದವು. ಮುಂಬೈಯಿಂದ ಬರುವ ತನಕ ಇದನ್ನು ಕೊನೆಯ ಮಾತೆಂದುಕೊಳ್ಳಬೇಡಿ, ಆದರೆ ನಮಗೆ ಇವಳಲ್ಲಿ ಯಾವ ತಪ್ಪೂ ಕಾಣಲಿಲ್ಲ ಎಂದು ಕೋಕಿಲಾಬೆನ್‌ಗೆ ಹೇಳಿದೆ. ಕೆಲವು ವಾರದ ಮೇಲೆ ಮುಂಬೈಯೂ ಅದನ್ನೇ ಹೇಳಿತು.

ಕೋಕಿಲಾಬೆನ್ ಪರದೆಯ ಕಡೆ ನೋಡಲೇ ಇಲ್ಲ. ಅವರಿಗೆ ಇನ್ನೂ ಸಮಾಧಾನವಾಗಿರಲಿಲ್ಲ. ಸ್ಟೂಲಿನಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ಶ್ವೇತಾಳ ಎದುರು ನಿಂತರು. ರಕ್ತ ಇಷ್ಟು ಚೊಕ್ಕಟವಾಗಿದ್ದರೆ ನಿನ್ನ ಅಪ್ಪ ಯಾಕೆ ಹಾಗೆ ಮಾಡಿದ ಎಂದು ಕೇಳಿದರು. ನನಗೆ ಇಷ್ಟವಿಲ್ಲ ಅಂದುಕೊಂಡರು ಎಂದು ಅವಳು ತಲೆತಗ್ಗಿಸಿ ಹೇಳಿದಳು. ಅವರು ಅವಳ ಗಲ್ಲ ಹಿಡಿದು ಮುಖ ಎತ್ತಿದರು. ನನಗೆ ನಿನ್ನ ಅಪ್ಪನದ್ದು ಬೇಡ, ನಿನ್ನದು ಹೇಳು ಎಂದರು.

"ಮಾರೆ ಪರಣವುಂ ಛೆ," ಎಂದಳು ಶ್ವೇತಾ. ನನಗೆ ಮದುವೆಯಾಗಬೇಕು.

ಪರೀಕ್ಷೆಯಲ್ಲಿ ತಪ್ಪು ಸಿಕ್ಕಿ ಇದು ಮುರಿದುಬೀಳುತ್ತದೆ ಎಂಬ ಹೆದರಿಕೆಯಲ್ಲಿ ಅವಳು ಅಷ್ಟು ದಿನ ಅನ್ನ ಬಿಟ್ಟಿದ್ದಳು. ಶೆಟ್ಟರು ಯಾವಾಗಲೋ ಬೆಂಚಿನಿಂದ ಎದ್ದು ಬಾಗಿಲಿಗೆ ಬಂದು ನಿಂತಿದ್ದರು. ಅವಳು ಅವರ ಕಡೆ ತಿರುಗಿ, ತನಗೆ ಸರಿಯಾಗಿ ಬಾರದ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿಕೊಂಡು ಹೇಳಿದಳು.

"ಪಪ್ಪಾ, ನನಗೆ ಬೇಕಿತ್ತು. ನೀವು ಕೇಳಿಲ್ಲ."

ಶೆಟ್ಟರು ಒಳಗೆ ಬಂದು, ಬೆಳಿಗ್ಗೆ ಕೋಕಿಲಾಬೆನ್ ಅಂಟಿಸಿದ್ದ ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು, ಮಗಳ ತೋಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ನಿಂತರು. ರಕ್ತ ನಿಂತು ಎಷ್ಟೋ ಹೊತ್ತಾಗಿತ್ತು.